ತಗಡಪ್ಪನ ಅಳತೆ

ರಾಜಾಜಿನಗರ, ಬೆಂಗಳೂರು-10
ಭಾನುವಾರ, 6-10-1974

ಪ್ರೀತಿಯ ಅಣ್ಣಾ,

ನಿನ್ನ ಕೆಮ್ಮು ಈಗ ಹೇಗಿದೆ? ಮಳೆಯಲ್ಲಿ ನೆನೆದು ಬಂದದ್ದು ಎಂದು ಬರೆದಿದ್ದೆ. ರೂರ್ಕೆಲಾದಲ್ಲಿ ಹಸಿ ಶುಂಠಿ ಸಿಗುತ್ತದೆಯೇ ಎಂದು ಅವ್ವ ನನ್ನನ್ನು ಕೇಳುತ್ತಾಳೆ, ನಾನೇನೋ ಹೋದ ವಾರ ಅಲ್ಲಿ ಸಂತೆ ಮಾಡಿಕೊಂಡು ಬಂದವಳ ಹಾಗೆ. ಸಿಕ್ಕರೆ ಜಜ್ಜಿ ಬೆಲ್ಲದ ಜೊತೆ ತಿನ್ನು. ಮೆಸ್ಸಿನ ಊಟ ಒಗ್ಗದಿದ್ದರೆ ಒಂದು ಸೀಮೆಎಣ್ಣೆ ಸ್ಟೌ ಇಟ್ಟುಕೊಂಡು ಅನ್ನವನ್ನಾದರೂ ನೀನೇ ಮಾಡಿಕೋ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅವ್ವನ ಮಂಡಿನೋವು ಇದ್ದ ಹಾಗೇ ಇದೆ, ಆದರೆ ಅವಳು ಒಂದು ಕಡೆ ಕೂತರೆ ತಾನೇ ಮಂಡಿಯ ನೆನಪು ಬರುವುದು. ಈಗಲೂ ಹಿತ್ತಲಲ್ಲಿ ತಗಡು ಬಡಿಯುತ್ತಿದ್ದಾಳೆ. ನಾನು ಒಂದು ಸಾಲು ಬರೆಯುವಷ್ಟರಲ್ಲಿ ‘ಜಗದಾ, ಬಂದು ಇದನ್ನ ಹಿಡಕೋ’ ಎಂದು ಕೂಗು. ಎದ್ದು ಹೋಗಿ ಹಿಡಿದು ಮತ್ತೆ ಬಂದು ಕೂತರೆ ಬರೆಯಬೇಕೆಂದಿದ್ದ ಮಾತು ಎಲ್ಲೋ ಹೋಗಿರುತ್ತದೆ. ಅಕ್ಷರ ಸೊಟ್ಟಗಾಗಿದ್ದರೆ ಅದಕ್ಕೇ ಎಂದು ತಿಳಿ.

ಬೆಳಿಗ್ಗೆ ಮನೆ ಓನರ್ ಇಂದ್ರಮ್ಮನವರು ಮಹಡಿಯಿಂದ ಬಗ್ಗಿ, ‘ಏನ್ರೀ ಬಸವರಾಜೇಶ್ವರಿ, ನಾನು ಮನೆ ಬಾಡಿಗೆಗೆ ಕೊಟ್ಟಿದ್ದು ಸಂಸಾರಕ್ಕೋ ಇಂಡಸ್ಟ್ರಿಯಲ್ ಎಸ್ಟೇಟಿಗೋ’ ಎಂದರು. ಅವ್ವ ತಲೆ ಎತ್ತಲಿಲ್ಲ. ‘ಮೊನ್ನೆ ನಿಮ್ಮ ರವಿಕೆ ಹೊಲಿಯುವಾಗ ಮಿಷಿನ್ ಸದ್ದು ನಿಮಗೆ ಕೇಳಲೇ ಇಲ್ಲ ನೋಡ್ರಿ’ ಎಂದಳು. ಇಂದ್ರಮ್ಮನವರು ನಕ್ಕು ಒಳಗೆ ಹೋದರು. ಆಮೇಲೆ ಒಂದು ಖಾಲಿ ಎಣ್ಣೆ ಡಬ್ಬವನ್ನು ಮೆಟ್ಟಿಲ ಮೇಲೆ ತಂದಿಟ್ಟರು. ಬೈಯುವವರೂ ಅವರೇ, ಡಬ್ಬ ಕೊಡುವವರೂ ಅವರೇ.

ಅವ್ವ ಬಡಿಯುತ್ತಿರುವುದು ಏನು ಎಂದು ಹಿಂದಿನ ಎರಡು ಕಾಗದದಲ್ಲೂ ಬರೆದಿದ್ದೆ. ನೀನು ಉತ್ತರದಲ್ಲಿ ಅಲ್ಲಿನ ಬಿಸಿಲು, ನಿನ್ನ ಜೊತೆಯ ತೆಲುಗು ಹುಡುಗರು, ಹೊಸದಾಗಿ ಹೊಲಿಸಿದ ಪ್ಯಾಂಟು ಎಲ್ಲ ಬರೆದೆ. ಇದೊಂದನ್ನು ಮಾತ್ರ ಬರೆಯಲಿಲ್ಲ. ಬಹುಶಃ ನಾನು ಹೇಳಿದ್ದು ಸರಿಯಾಗಿ ತಿಳಿಯಲಿಲ್ಲವೇನೋ ಎಂದು ಈ ಸಲ ಮೊದಲಿನಿಂದ ಹೇಳುತ್ತೇನೆ. ನೀನು ಊರು ಬಿಟ್ಟ ಮೇಲೆ ಆದ ನಾಟಕವಲ್ಲವೇ, ನೀನು ತಗಡಪ್ಪನನ್ನು ನೋಡಲೇ ಇಲ್ಲ.

ಅಪ್ಪನ ಕಾರ್ಖಾನೆಯ ಸ್ಟೋರಿನ ಶಂಭುಲಿಂಗಪ್ಪನವರು ಗೊತ್ತಲ್ಲ, ಪ್ರತಿ ರಾಜ್ಯೋತ್ಸವಕ್ಕೂ ಕಾರ್ಮಿಕರಿಂದ ನಾಟಕ ಆಡಿಸುವವರು. ಕೃಷ್ಣ, ಕಂಸ, ದುರ್ಯೋಧನ ಎಲ್ಲ ಆಡಿಸಿ ಅವರಿಗೇ ಬೇಜಾರು ಬಂದು ತಾವೇ ಒಂದು ನಾಟಕ ಬರೆದರು. ಹೆಸರು ‘ಮಂಗಳಗ್ರಹದ ಮನೆಯಾಳು’. ಮಲ್ಲೇಶ್ವರದ ಒಬ್ಬ ಯಜಮಾನ ಮಂಗಳಗ್ರಹದಿಂದ ಒಂದು ಯಂತ್ರದ ಆಳನ್ನು ತರಿಸಿಕೊಳ್ಳುತ್ತಾನೆ. ಅದು ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತದೆ. ಸಿಟ್ಟಿನಲ್ಲಿ ‘ಹೋಗಿ ಬಾವಿಗೆ ಬೀಳು’ ಎಂದರೆ ಸೀದಾ ಹೋಗಿ ಬಾವಿಕಟ್ಟೆ ಹತ್ತುತ್ತದೆ. ಆ ಯಂತ್ರದೊಳಗೆ ಇದ್ದವರು ನಮ್ಮ ಅಪ್ಪ. ಮನೆಯಲ್ಲಿ ಒಂದು ಲೋಟ ನೀರು ಬೇಕಾದರೂ ಕಣ್ಣಲ್ಲೇ ಕೇಳುತ್ತಿದ್ದ ಅಪ್ಪ, ತಲೆಯಿಂದ ಪಾದದವರೆಗೆ ತಗಡು ಹೊದ್ದುಕೊಂಡು ಸ್ಟೇಜಿಗೆ ಬಂದರೆ ಜನ ಉರುಳಾಡಿ ನಗುತ್ತಿದ್ದರು. ಎರಡು ರಾಜ್ಯೋತ್ಸವಕ್ಕೆ ಅದನ್ನೇ ಆಡಿದರು. ನಮ್ಮ ಬೀದಿಯ ಮಕ್ಕಳೆಲ್ಲ ಅಪ್ಪನನ್ನು ತಗಡಪ್ಪ ಎಂದೇ ಕರೆಯುತ್ತಿದ್ದವು. ಅಪ್ಪ ಕೆಲಸದಿಂದ ಬರುವಾಗ ಸೈಕಲ್ ಇಳಿದು, ಮಂಡಿ ಬಗ್ಗಿಸದೆ ಖಟಖಟ ನಾಲ್ಕು ಹೆಜ್ಜೆ ಹಾಕಿ ಅವುಗಳನ್ನು ನಗಿಸಿಯೇ ಒಳಗೆ ಬರುತ್ತಿದ್ದರು.

ಆ ತಗಡಿನ ಮೈಯನ್ನು ಅಪ್ಪ ಮತ್ತು ನಾಗರಾಜು ಸೇರಿ ಕಾರ್ಖಾನೆಯ ಹಿಂದೆ ಮಾಡಿದ್ದು. ಹೆಗ್ಗನಹಳ್ಳಿಯಿಂದ ಸೈಕಲ್‌ನಲ್ಲಿ ಕೆಲಸಕ್ಕೆ ಬರುತ್ತಾರಲ್ಲ, ಆ ನಾಗರಾಜು. ಎದೆಯ ಹಲಗೆ ಮಾಡುವಾಗ ಒಂದು ಕಷ್ಟ ಬಂತು. ಅಪ್ಪನ ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ತಗಡು ಹಾಕಿದರೆ ಅದು ಒತ್ತಿ ಉಸಿರು ಕಟ್ಟುವುದು. ನಾಗರಾಜು, ‘ಅಣ್ಣಾ, ನಾಟಕ ಮುಗಿಯೋಗಂಟ ಅದನ್ನ ಜೋಬಲ್ಲಿ ಮಡಿಕೊಳ್ಳಿ’ ಎಂದರಂತೆ. ಅಪ್ಪ, ‘ಜೋಬಲ್ಲಿ ಮಡಿಕೊಳ್ಳೋಕೆ ಅದೇನು ಬೀಡಿ ಕಟ್ಟೇನಯ್ಯಾ’ ಎಂದರಂತೆ. ಆಮೇಲೆ ಇಬ್ಬರೂ ಸೇರಿ ಆ ಜಾಗದಲ್ಲಿ ತಗಡನ್ನು ಒಳಗಿಂದ ಬಡಿದು ಒಂದು ಬಟ್ಟಲಿನಷ್ಟು ಉಬ್ಬಿಸಿದರು. ಮೇಲೆ ಸೈಕಲ್ಲಿನ ಕೆಂಪು ಗಾಜು ಕೂರಿಸಿದರು. ನೋಡಿದವರೆಲ್ಲ ಅದು ಯಂತ್ರದ ಹೃದಯ ಎಂದುಕೊಂಡರು. ಶಂಭುಲಿಂಗಪ್ಪನವರು ಅದಕ್ಕೆಂದೇ ನಾಟಕದಲ್ಲಿ ಎರಡು ಮಾತು ಸೇರಿಸಿದರು.

ಶಿವರಾತ್ರಿ ಆದ ಮೇಲೆ ನಡೆದದ್ದು ನಿನಗೆ ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ. ತಂತಿ ತಲುಪಿ ನೀನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಪ್ಪನನ್ನು ಕೂರಿಸಿ, ಹೂವು ಮುಡಿಸಿ, ಎಡಗೈಯಲ್ಲಿ ಲಿಂಗವನ್ನಿಟ್ಟು ಮಣ್ಣು ಮಾಡಿದರು. ಆ ಕರಡಿಗೆ ಮಾತ್ರ ದೇವರ ಗೂಡಿನಲ್ಲಿದೆ. ಇದನ್ನೆಲ್ಲ ನಿನಗೆ ಯಾರಾದರೂ ಹೇಳಿದರೋ ಇಲ್ಲವೋ ಎಂದು ಬರೆದೆ. ನೀನಿದ್ದಷ್ಟು ದಿನವೂ ಮನೆ ತುಂಬ ನೆಂಟರು, ನಿನ್ನ ಜೊತೆ ಕೂತು ಮಾತನಾಡಲು ಆಗಲೇ ಇಲ್ಲ.

ಅವ್ವ ಮೊದಲು ಸುಮ್ಮನೇ ಇದ್ದಳು. ಮೇ ತಿಂಗಳಲ್ಲಿ ನಾಗರಾಜು ಬಂದು, ಕಾರ್ಖಾನೆಯ ಷೆಡ್ಡು ಖಾಲಿ ಮಾಡುವಾಗ ತಗಡಪ್ಪನ ಮೈ ಗುಜರಿಗೆ ಹೋಯಿತು ಎಂದು ಹೇಳಿದರು. ಯಾರು ಹಾಕಿದರೋ ಗೊತ್ತಿಲ್ಲ, ನೋಡಿದವರಿಗೆ ಅದು ತಗಡು ತಾನೇ. ಅವರು ಹೇಳಿದ ರೀತಿಗೆ ಇನ್ನೊಂದು ಸಾವಿನ ಸುದ್ದಿ ಬಂದ ಹಾಗಿತ್ತು. ಅವ್ವ ಅಳಲಿಲ್ಲ. ಎದ್ದು ಪೆಟ್ಟಿಗೆಯಿಂದ ಫೋಟೋ ತೆಗೆದಳು. ಸ್ಟುಡಿಯೋದಲ್ಲಿ ತೆಗೆಸಿದ್ದು, ಅಪ್ಪ ತಗಡಿನ ಮೈ ಹಾಕಿಕೊಂಡು ತಗಡಿನ ತಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಾರೆ. ಅವ್ವ ಅದನ್ನು ತೊಡೆಯ ಮೇಲಿಟ್ಟುಕೊಂಡು, ‘ಹಿಂದಿನ ಭಾಗ ಇದರಾಗೆ ಕಾಣಲ್ಲ. ಅದು ನಂಗೊತ್ತು, ಬೆನ್ನಿನ ಪಟ್ಟಿ ಕಟ್ಟಿದಾಕಿ ನಾನೇ’ ಎಂದಳು. ಅಷ್ಟೇ. ಮಾರನೆಯ ದಿನದಿಂದ ಮನೆಯಲ್ಲಿ ರವಿಕೆಗಳ ಪಕ್ಕದಲ್ಲಿ ಡಬ್ಬಗಳು.

ಅಣ್ಣಾ, ಅವ್ವ ತಗಡನ್ನೂ ಬಟ್ಟೆಯ ಹಾಗೇ ಕತ್ತರಿಸುತ್ತಾಳೆ. ಮೊದಲು ಖಾಕಿ ಕಾಗದದಲ್ಲಿ ತೋಳು, ಬೆನ್ನು, ಎದೆ. ಅಳತೆಗೆ ಅಪ್ಪನ ಜುಬ್ಬ. ಆಮೇಲೆ ಕಾಗದವನ್ನು ತಗಡಿನ ಮೇಲಿಟ್ಟು ಗುಂಡುಸೂಜಿಯ ಬದಲು ಕಲ್ಲು ಹೇರಿ ಗೆರೆ ಎಳೆಯುವುದು. ಹಿಡಿಯುವುದು, ಮಡಚುವುದು, ಉಪ್ಪುಕಾಗದ ಹಾಕಿ ಉಜ್ಜುವುದು ನನ್ನ ಕೆಲಸ. ಊದುಬತ್ತಿ ಹೊಸೆದು ಕಪ್ಪಾಗಿದ್ದ ನನ್ನ ಕೈ ಈಗ ಗೀರು ಬಿದ್ದು ಕೆಂಪಾಗಿದೆ. ಮೊದಲ ತೋಳು ಮುಗಿದಾಗ ನಾವಿಬ್ಬರೂ ಹೆಮ್ಮೆಯಿಂದ ನಾಗರಾಜುವನ್ನು ಕರೆಸಿದೆವು. ಅವರು ಕೈ ಹಾಕಿದ್ದೇ ತಡ ‘ಅಯ್ಯಪ್ಪ’ ಎಂದು ಎಳೆದುಕೊಂಡರು. ಮೊಳಕೈಯಿಂದ ಕೆಳಗೆ ಉದ್ದಕ್ಕೂ ಗೀರು. ಏನಾಗಿತ್ತೆಂದರೆ, ಅವ್ವ ಬಟ್ಟೆಗೆ ಬಿಡುವ ಹಾಗೆ ಹೊಲಿಗೆಗೆಂದು ಎರಡು ಬೆರಳು ತಗಡನ್ನು ಒಳಗಡೆ ಬಿಟ್ಟಿದ್ದಳು. ‘ಅಕ್ಕಾ, ಮುಂದಿನ ವರ್ಷ ದಪ್ಪ ಆದ್ರೆ ಬಿಚ್ಚಿ ದೊಡ್ಡದು ಮಾಡಕ್ಕಾ’ ಎಂದು ನಾಗರಾಜು ಕೇಳಿದರು. ಅವ್ವನಿಗೆ ನಗು ತಡೆಯಲಾಗಲಿಲ್ಲ. ಅಪ್ಪ ಹೋದ ಮೇಲೆ ಅವಳು ಹಲ್ಲು ಕಾಣುವ ಹಾಗೆ ನಕ್ಕದ್ದು ಅದೇ ಮೊದಲು. ನಾನು ಅರಿಶಿನ ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತುಕೊಂಡೆ.

ಹೀಗೇ ನಡೆದಿದ್ದರೆ ಚೆನ್ನಾಗಿತ್ತು. ಆಗಸ್ಟ್ ಹೊತ್ತಿಗೆ ಮೈ ಪೂರ್ತಿ ಆಯಿತು. ಹಿತ್ತಲ ಗೋಡೆಗೆ ಒರಗಿಸಿ ನಿಲ್ಲಿಸಿದರೆ ಅಪ್ಪನಷ್ಟೇ ಎತ್ತರ. ಎದೆಯ ಉಬ್ಬನ್ನು ಅವ್ವ ಯಾರ ಕೈಗೂ ಕೊಡದೆ, ಒರಳಿನ ಗುಂಡುಕಲ್ಲನ್ನು ಒಳಗಿಟ್ಟು ತಾನೇ ಬಡಿದು ತೆಗೆದಳು. ಶಂಭುಲಿಂಗಪ್ಪನವರು ನೋಡಿ ಕಣ್ಣು ಒರೆಸಿಕೊಂಡರು. ಈ ರಾಜ್ಯೋತ್ಸವಕ್ಕೆ ಅಪ್ಪನ ಹೆಸರಿನಲ್ಲಿ ಅದೇ ನಾಟಕ, ತಗಡಪ್ಪನ ಪಾತ್ರ ನಾಗರಾಜು ಮಾಡಲಿ ಎಂದು ಮಾತಾಯಿತು. ನಾಗರಾಜು ಮೈ ಹಾಕಿಕೊಂಡು ಹಿತ್ತಲಲ್ಲಿ ಒಂದು ಸುತ್ತು ಬಂದರು. ಚೆನ್ನಾಗಿಯೇ ಇತ್ತು. ಆಮೇಲೆ ಬೆರಳಿನಿಂದ ಎದೆಯ ಉಬ್ಬನ್ನು ಟಣ್ ಟಣ್ ಎಂದು ಬಡಿದು, ‘ಇಲ್ಲಿ ಖಾಲಿ ಐತೆ ಅಕ್ಕಾ, ಒಂದಿಷ್ಟು ಚಿಂದಿ ತುರುಕಿಬಿಡಿ’ ಎಂದರು. ಪಾಪ, ಅವರು ಏನೂ ಯೋಚಿಸಿ ಹೇಳಿದ್ದಲ್ಲ. ಅವರ ಕೊರಳಲ್ಲಿ ಲಿಂಗವಿಲ್ಲ, ಅವರಿಗೆ ಅದು ಸಡಿಲ ಜಾಗ ಅಷ್ಟೇ. ಅವ್ವ ಮಾತ್ರ ಸುತ್ತಿಗೆಯನ್ನು ಕೆಳಗಿಟ್ಟಳು. ‘ಬಿಚ್ಚಪ್ಪಾ, ಸೆಕೆ ಆಗ್ತತಿ ನಿನಗೆ’ ಎಂದಳು. ಕಾಫಿ ಕೊಟ್ಟಳು, ಅವರ ಮಗಳ ಮದುವೆಯ ಮಾತು ವಿಚಾರಿಸಿದಳು, ಬಾಗಿಲವರೆಗೆ ಹೋಗಿ ಕಳಿಸಿ ಬಂದಳು. ಬಂದವಳೇ ಉಳಿ ತೆಗೆದುಕೊಂಡು ಒಂದೊಂದು ಮಡಿಕೆಯನ್ನೂ ಬಿಚ್ಚಿದಳು.

ಅಲ್ಲಿಂದ ಶುರುವಾಗಿದ್ದು. ಕಟ್ಟುತ್ತಾಳೆ, ಯಾರಾದರೂ ಹಾಕಿ ನೋಡುತ್ತಾರೆ, ಭುಜ ಇಳಿಯಿತು, ಕುತ್ತಿಗೆ ಓರೆ ಎಂದು ಏನೋ ಒಂದು ನೆಪ ಹೇಳಿ ಮತ್ತೆ ಬಿಚ್ಚುತ್ತಾಳೆ. ಹೊಲಿಗೆ ಕೊಟ್ಟವರು ಬಂದು ಕೇಳಿದರೆ ನಾಳೆ ಎನ್ನುತ್ತಾಳೆ. ಊಟಕ್ಕೆ ಕೂತವಳು ಅರ್ಧಕ್ಕೆ ಎದ್ದು ಹೋಗಿ ತಗಡಿನ ಮಂಡಿಯನ್ನು ಮಡಚಿ ನೋಡಿ ಬರುತ್ತಾಳೆ. ನನಗೂ ಅದೇ ಅಂಟಿದೆ. ಊದುಬತ್ತಿ ಹೊಸೆಯುತ್ತ ಕೂತರೆ ಕೈ ಓಡುತ್ತದೆ, ಮನಸ್ಸು ಹಿತ್ತಲಿನಲ್ಲಿ. ಸದ್ದು ಕೇಳಿದರೆ ಮತ್ತೆ ಬಡಿಯುತ್ತಿದ್ದಾಳಲ್ಲ ಎಂದು ಸಂಕಟ. ಸದ್ದು ನಿಂತರೆ ಏನಾಯಿತೋ ಎಂದು ಇನ್ನೂ ಸಂಕಟ, ಎದ್ದು ಹೋಗಿ ನೋಡುತ್ತೇನೆ. ದಿನಚರಿ ಬರೆಯುವ ಅಭ್ಯಾಸವೂ ತಪ್ಪಿದೆ. ‘ತಗಡು ಬಿಚ್ಚಿದೆವು’ ಎಂದು ಎಷ್ಟು ದಿನ ಬರೆಯಲಿ.

ಯಾರಿಗಾಗಿ ಅಳತೆ ಮಾಡುತ್ತಿದ್ದಾಳೆ ಎಂದು ಒಂದು ದಿನ ಕೇಳಿಯೇಬಿಟ್ಟೆ. ‘ಪಂಚಾಕ್ಷರಿ ಬರ್ತಾನ. ಅವನ ಭುಜ ಅವರಪ್ಪಂದೇ’ ಎಂದಳು. ಅಣ್ಣಾ, ನಾನು ಬಾಯಿ ಬಿಟ್ಟು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನೀನು ಬಂದಿದ್ದಾಗ ಸ್ನಾನ ಮಾಡಿ ಪಂಚೆಯಲ್ಲಿ ಹೊರಗೆ ಬಂದೆಯಲ್ಲ, ಆಗ ನಿನ್ನ ಕೊರಳು ಖಾಲಿ ಇದ್ದದ್ದನ್ನು ಅವ್ವ ನೋಡಿದಳು. ನಾನೂ ನೋಡಿದೆ. ಅವಳು ಟವೆಲ್ ಕೊಟ್ಟು ಹೋದಳು, ಇವತ್ತಿನವರೆಗೂ ಆ ಮಾತು ಎತ್ತಿಲ್ಲ. ನೀನು ಯಾಕೆ ತೆಗೆದಿಟ್ಟೆ ಎಂದು ನಾನು ಕೇಳುವುದಿಲ್ಲ, ಅದು ನಿನ್ನದು. ಆದರೆ ಅವ್ವ ಅಷ್ಟು ಹಟದಿಂದ ಆ ಉಬ್ಬನ್ನು ಬಡಿದು ಬಡಿದು ನುಣುಪು ಮಾಡುವಾಗ, ನೀನು ಅದರೊಳಗೆ ನಿಂತರೆ ಎಲ್ಲವೂ ಮೊದಲಿನ ಹಾಗೆ ಆಗುತ್ತದೆ ಎಂದು ಅವಳು ನಂಬಿದ್ದಾಳೆ ಎಂದು ನನಗೆ ಅನ್ನಿಸುತ್ತದೆ. ನಿನಗೂ ಇದು ಹೊಳೆದಿರಬೇಕು. ಅದಕ್ಕೇ ನೀನು ತಗಡಪ್ಪನ ವಿಷಯ ಒಂದು ಅಕ್ಷರವನ್ನೂ ಬರೆಯುತ್ತಿಲ್ಲ. ಕರೆಯುತ್ತಿದ್ದಾಳೆ, ಇರು.

ಮಂಗಳವಾರ

ಅವತ್ತು ಎದ್ದು ಹೋದವಳು ಇವತ್ತು ಕೂತಿದ್ದೇನೆ. ನಿನ್ನೆ ಸಂಜೆ ಶಂಭುಲಿಂಗಪ್ಪನವರು ಬಂದಿದ್ದರು. ಪಾಪ, ಒಳ್ಳೆಯ ಮಾತಿನಲ್ಲೇ ಹೇಳಿದರು. ‘ನೋಡ್ರವ್ವಾ, ತಾಲೀಮು ಶುರು ಮಾಡಬೇಕು. ತಗಡಿನೊಳಗೆ ಯಾರು ಅಂತ ಈ ಭಾನುವಾರದೊಳಗೆ ಗೊತ್ತಾಗಬೇಕು. ಇಲ್ಲಾಂದ್ರೆ ಈ ವರ್ಷ ಮತ್ತೆ ಕಂಸನನ್ನೇ ಕೊಲ್ಲೋಣ, ಅವನಿಗೂ ಅಭ್ಯಾಸ ಆಗಿದೆ’ ಎಂದರು. ಅವ್ವ, ‘ನನ್ನ ಮಗ ಬರ್ತಾನ್ರಿ’ ಎಂದಳು. ‘ಕಾಗದ ಬಂತಾ?’ ಎಂದು ಅವರು ಕೇಳಿದರು. ಅವ್ವ ನನ್ನ ಕಡೆ ನೋಡಿದಳು. ನಾನು ‘ಬರೆದಿದ್ದೀನಿ’ ಎಂದೆ. ಅದು ಸುಳ್ಳಲ್ಲ. ಅವರು ಟೋಪಿ ತೊಟ್ಟುಕೊಂಡು, ಗೋಡೆಗೆ ಒರಗಿದ್ದ ತಗಡಿನ ಮೈಯ ಭುಜದ ಮೇಲೆ ಒಂದು ಸಲ ಕೈಯಿಟ್ಟು ಹೊರಟುಹೋದರು.

ನನ್ನ ಭಯ ಏನು ಗೊತ್ತೇ? ನೀನು ಬಾರದೆ ಹೋದರೆ ನಾಟಕ ನಿಲ್ಲುತ್ತದೆ, ಅದು ಹೋಗಲಿ. ಅವ್ವ ಮಾತ್ರ ನಿಲ್ಲಿಸುವುದಿಲ್ಲ. ಮುಂದಿನ ವರ್ಷ ಬರ್ತಾನೆ ಎಂದು ಮತ್ತೆ ಬಿಚ್ಚುತ್ತಾಳೆ. ತಗಡು ಪದೇ ಪದೇ ಮಡಚಿದ ಕಡೆ ಸೀಳುತ್ತದೆ, ಆಗಲೇ ಮೊಳಕೈ ಹತ್ತಿರ ಎರಡು ತೇಪೆ ಬಿದ್ದಿದೆ. ಅವಳ ಬೆರಳೂ ಹಾಗೇ ಆಗಿದೆ. ಹಾಗೆಂದು ನೀನು ಬಾ ಎಂದು ನಾನು ಜುಲುಮೆ ಮಾಡುವುದಿಲ್ಲ. ಬರುವುದಾದರೆ ಬರುತ್ತೇನೆ ಎಂದು ಬರೆ, ಇಲ್ಲವಾದರೆ ಬರುವುದಿಲ್ಲ ಎಂದಾದರೂ ಬರೆ. ನನಗಲ್ಲ, ಅವ್ವನ ಹೆಸರಿಗೇ ಬರೆ. ನಾನು ಓದಿ ಹೇಳುತ್ತೇನೆ, ಒಂದು ಅಕ್ಷರವನ್ನೂ ಬದಲಾಯಿಸುವುದಿಲ್ಲ. ಅವಳು ಒಂದು ದಿನ ಅಳಬಹುದು. ಅತ್ತರೆ ಒಳ್ಳೆಯದು ಎಂದೇ ನನಗೆ ಅನ್ನಿಸುತ್ತಿದೆ, ಶಿವರಾತ್ರಿಯಿಂದ ಅವಳು ಅತ್ತಿಲ್ಲ.

ಶುಂಠಿ ಮರೆಯಬೇಡ. ನಿನ್ನ ಜೊತೆಯ ಹುಡುಗರಿಗೂ ನಮ್ಮ ನಮಸ್ಕಾರ ಹೇಳು. ಶಿವ ನಿನ್ನನ್ನು ಅಲ್ಲಿ ಚೆನ್ನಾಗಿ ನೋಡಿಕೊಳ್ಳಲಿ, ಇಲ್ಲಿ ನಾನು ಅವ್ವನನ್ನು ನೋಡಿಕೊಳ್ಳುತ್ತೇನೆ.

ನಿನ್ನ ತಂಗಿ,
ಜಗದಾಂಬಾ

ತಾ.ಕ.: ಗುರುವಾರ ಬೆಳಿಗ್ಗೆ. ಲಕೋಟೆ ಅಂಟಿಸಿ ಚಪ್ಪಲಿ ಮೆಟ್ಟಿದ್ದೆ, ಅಂಟಿಸಿದ್ದನ್ನು ಮತ್ತೆ ಹರಿದು ಬರೆಯುತ್ತಿದ್ದೇನೆ. ಟಪಾಲು ಎತ್ತುವ ಹೊತ್ತಾಗುತ್ತಿದೆ, ಬೇಗ ಹೇಳುತ್ತೇನೆ. ಅವ್ವ ‘ತಾಳು, ಹೋಗೋಕೆ ಮುಂಚೆ ಇದರೊಳಗೆ ನಿಂತ್ಕೋ, ಬೆನ್ನಿನ ಮಡಿಕೆ ಸರಿ ಕೂತತಾ ನೋಡ್ತೀನಿ’ ಎಂದಳು. ಬೇರೆ ಯಾರೂ ಇರಲಿಲ್ಲವಲ್ಲ, ಗೊಂಬೆಯ ಹಾಗೆ ನಿಲ್ಲುವುದಕ್ಕೆ. ನಿಂತೆ. ತಲೆಯನ್ನೂ ಹಾಕಿದಳು. ಒಳಗೆ ಕತ್ತಲೆ, ಕಣ್ಣಿನ ಸಂದಿಯಲ್ಲಿ ಅವ್ವನ ಸೆರಗು ಮಾತ್ರ ಕಾಣುತ್ತಿತ್ತು. ಏನು ಹೊಳೆಯಿತೋ, ನಾಟಕದಲ್ಲಿ ತಗಡಪ್ಪ ಮೊದಲ ಸಲ ಬಾಯಿ ಬಿಟ್ಟು ಆಡುವ ಮಾತು ನನ್ನ ಬಾಯಿಗೆ ಬಂತು: ‘ಅಪ್ಪಣೆಯಾಗಲಿ, ನಾನು ದೂರದಿಂದ ಬಂದಿದ್ದೇನೆ.’ ತಗಡಿನಲ್ಲಿ ನನ್ನ ದನಿ ನನಗೇ ಬೇರೆಯಾಗಿ ಕೇಳಿತು. ಹೊರಗೆ ಸುತ್ತಿಗೆ ನಿಂತಿತು. ಆಮೇಲೆ ಅವ್ವ, ‘ಇನ್ನೊಂದ್ಸಲ ಅನ್ನು’ ಎಂದಳು. ಅಂದೆ. ‘ಮುಂದಿನ ಮಾತು ಬರ್ತತೇನು?’ ಎಂದಳು. ಎಲ್ಲವೂ ಬರುತ್ತದೆ ಎಂದೆ. ಅಪ್ಪ ಮನೆಯಲ್ಲಿ ತಮ್ಮ ಪಾತ್ರದ ಮಾತು ಹೇಳಿಕೊಳ್ಳುವಾಗ ಕೇಳಿ ಕೇಳಿ ನನಗೆ ಬಾಯಿಪಾಠ, ಯಾರೂ ಇದುವರೆಗೆ ಕೇಳಿರಲಿಲ್ಲ ಅಷ್ಟೇ. ಅವಳು ಕೆಳಗೆ ಕೂತು ನನ್ನ ಪಾದದ ಹತ್ತಿರ ತಗಡಿಗೆ ಗೆರೆ ಎಳೆದಳು. ಕತ್ತರಿ ತೆಗೆದುಕೊಂಡು ತಗಡಿನ ಎರಡೂ ಕಾಲನ್ನು ನನ್ನ ಎತ್ತರಕ್ಕೆ ಒಂದು ಗೇಣು ಕತ್ತರಿಸಿದಳು, ಅಣ್ಣಾ. ಕತ್ತರಿಸಿದ ಚೂರುಗಳನ್ನು ಮಡಿಲಲ್ಲಿ ಹಾಕಿಕೊಂಡು ತುಂಬ ಹೊತ್ತು ಅತ್ತಳು. ನಾನು ಒಳಗೇ ನಿಂತಿದ್ದೆ, ಬಗ್ಗಲು ಆಗುವುದಿಲ್ಲವಲ್ಲ ಅದರಲ್ಲಿ. ಆಮೇಲೆ ಮುಖ ತೊಳೆದು ಬಂದು, ಶಂಭುಲಿಂಗಪ್ಪನವರಿಗೆ ನಾನೇ ಹೇಳ್ತೀನಿ ಎಂದಳು. ಹೆಣ್ಣುಮಗಳು ಎಂದು ಅವರು ಒಪ್ಪದಿದ್ದರೆ ಎಂದು ಕೇಳಿದ್ದಕ್ಕೆ, ‘ಒಪ್ಪದಿದ್ರೆ ತಗಡು ಕೊಡಲ್ಲ’ ಎಂದಳು. ನಿನಗೆ ಬರೆಯಲು ಹೇಳಿದ್ದನ್ನು ಹಾಗೇ ಬರೆದಿದ್ದೇನೆ: ‘ತಗಡು ಹಾಕ್ಕಳಾಕೆ ಅವನು ಬರೋದು ಬ್ಯಾಡ ಅನ್ನು. ತಂಗಿ ಆಡ್ತಾಳ, ನೋಡಾಕೆ ಬಾ ಅನ್ನು. ಹೆಂಗಿದಾನೋ ಹಂಗೇ ಬರ್ಲಿ.’